ಭಂಗಾರವೋ, ಬಂಗಾರವೋ

ನಮ್ಮ ಮನೆಮಾತು ಉರ್ದು. ಅದರಲ್ಲಿ ಭಂಗಾರ್ ಎಂದರೆ ಗುಜರಿ. ಕನ್ನಡದ ಬಂಗಾರ ಎಲ್ಲರಿಗೂ ಗೊತ್ತು. ಭಾಲ್ಕಿಯಲ್ಲಿರುವ ನಮ್ಮ ದಾದಾ ಅವರ 1989ರ ಅಂಬಾಸಿಡರ್ ಕಾರು ಇವೆರಡರಲ್ಲಿ ಯಾವುದು ಎಂಬ ಜಗಳ ಹೋದ ವರ್ಷದಿಂದ ಮನೆಯಲ್ಲಿ ನಡೆದೇ ಇದೆ.

ಭಾಲ್ಕಿ, ಬೀದರ್, ಔರಾದ್ ನಡುವೆ ಆ ಕಾರನ್ನು ಬಾಡಿಗೆಗೆ ಓಡಿಸಿಯೇ ದಾದಾ ನಾಲ್ಕು ಮಕ್ಕಳನ್ನು ಓದಿಸಿದರು. ಕಣ್ಣಿಗೆ ಪೊರೆ ಬಂದ ಮೇಲೆ ಹಳದಿ ಬೋರ್ಡ್ ತೆಗೆಸಿ ಬಿಳಿ ಬೋರ್ಡ್ ಮಾಡಿಸಿ, ಬೇವಿನ ಮರದ ಕೆಳಗೆ ನಿಲ್ಲಿಸಿದರು. ಗುಜರಿಯವನು 25 ಸಾವಿರಕ್ಕೆ ಕೇಳಿದ. ಅಬ್ಬಾ ಒಪ್ಪಿದ್ದರು. ದಾದಾ ಕೇಳಿದ್ದು ಒಂದೇ ಮಾತು: "ಚಲ್ತಿ ಗಾಡಿ ಕು ಭಂಗಾರ್ ಕೈಕು ಬೋಲ್ತೆ?" ಓಡುವ ಗಾಡಿಗೆ ಗುಜರಿ ಅಂತ ಯಾಕೆ ಅನ್ನುತ್ತೀರಿ? ನಿಜ ಹೇಳಬೇಕೆಂದರೆ ಆಗ ಅದು ಓಡುತ್ತಿರಲಿಲ್ಲ.

ಔರಾದಿನ ಫೂಫಿಯ ಮಗಳ ಮದುವೆ ಹತ್ತಿರ ಬಂದಿತ್ತು. ಹೈದರಾಬಾದಿನ ಮದುವೆಗಳಲ್ಲಿ ಹಳೇ ಕಾರುಗಳಿಗೆ ಬಾಡಿಗೆ ಕೊಡುತ್ತಾರೆ, ನಮ್ಮದನ್ನೇ ರಿಪೇರಿ ಮಾಡಿಸೋಣ ಎಂದು ಚಾಚಾ ಹಟ ಹಿಡಿದರು. ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾ ಕಾರ್ಖಾನೆ 2014ರಲ್ಲೇ ನಿಂತಿದೆ. ಸಾಮಾನಿಗಾಗಿ ಚಾಚಾ ಹೈದರಾಬಾದಿಗೆ ಮೂರು ಸಲ ಓಡಾಡಿದರು. ಟೈರು, ಬ್ಯಾಟರಿ, ಸೀಟಿನ ಬಟ್ಟೆ, ಬಿಳಿ ಬಣ್ಣ ಎಲ್ಲ ಸೇರಿ 68,400 ರೂಪಾಯಿ. ಬಿಲ್ಲುಗಳು ನನ್ನ ಹತ್ತಿರ ಇವೆ.

ರುಖ್ಸತಿಯ ದಿನ ಮದುಮಗಳನ್ನು ಔರಾದಿನಿಂದ ಬೀದರಿಗೆ ಅದರಲ್ಲೇ ಕರೆತಂದೆವು. ಚಾಚಾ ಓಡಿಸುತ್ತಿದ್ದರು, ದಾದಾ ಪಕ್ಕದಲ್ಲಿ. ಸಂತಪುರದ ಹತ್ತಿರ ಇಂಜಿನ್ ಕಾದು ಹೊಗೆ ಬಂತು. ಮದುಮಗಳು ಅಳು ಮರೆತು ನಗಲು ಶುರು ಮಾಡಿದಳು. ದಾದಾ ಇಳಿದು, ಶೇರ್ವಾನಿಯ ತೋಳು ಮಡಚಿ, ಇಂಜಿನ್ ಆರುವ ತನಕ ಕಾದು ರೇಡಿಯೇಟರಿಗೆ ನೀರು ಹಾಕಿದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಅಲ್ಲೇ ಒಬ್ಬರು ಬಂದು ಕೇಳಿದರು: "ಚಾಚಾ, ಮದುವೆಗೆ ಬಾಡಿಗೆ ಎಷ್ಟು?" ಬೀದರಿನ ಶಾದಿಖಾನೆಯಲ್ಲಿ ಇನ್ನೊಬ್ಬರು ಅದನ್ನೇ ಕೇಳಿದರು.

ಲೆಕ್ಕ ನನ್ನ ಪಾಲಿಗೆ ಬಂತು. ಆದಾಯ ತೆರಿಗೆಯಲ್ಲಿ ಬಾಡಿಗೆ ಟ್ಯಾಕ್ಸಿಗೆ ಸವಕಳಿ ದರ ಶೇ. 30. ಒಂದು ಲಕ್ಷದ ಕಾರು ಎಂದಿಟ್ಟುಕೊಂಡರೆ ಹತ್ತು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು ಸುಮಾರು 2,825 ರೂಪಾಯಿ. ಪುಸ್ತಕದಲ್ಲಿ ಬೆಲೆಯೇ ಇಲ್ಲದ ವಸ್ತುವಿಗೆ ಜನ ಬಾಡಿಗೆ ಕೇಳುತ್ತಿದ್ದಾರೆ! ಮದುವೆಗೆ 5,000 ಎಂದರೂ 14 ಮದುವೆಗೆ ರಿಪೇರಿ ಹಣ ವಾಪಸ್ಸು. ರಂಜಾನ್, ಮೊಹರಂ ಬಿಟ್ಟರೆ ಎರಡು ವರ್ಷ ಸಾಕು ಎಂದು ಬರೆದು ಅಬ್ಬಾಗೆ ತೋರಿಸಿದೆ.

ಅಬ್ಬಾ ಕೇಳಿದರು: "ಬಿಳಿ ಬೋರ್ಡಿನಲ್ಲಿ ಬಾಡಿಗೆಗೆ ಹೋಗಬಹುದಾ?"

ಹೋಗುವಂತಿಲ್ಲ. ಪರ್ಮಿಟ್ ಬೇಕು, ವರ್ಷವರ್ಷ ಫಿಟ್‌ನೆಸ್ ಬೇಕು. ಮುಂಬೈಯಲ್ಲಂತೂ ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ವಿಂಟೇಜ್ ಎಂದು ನೋಂದಾಯಿಸೋಣವೆಂದರೆ, 2021ರ ಕೇಂದ್ರ ನಿಯಮದ ಪ್ರಕಾರ ವಾಹನಕ್ಕೆ 50 ವರ್ಷ ದಾಟಿರಬೇಕು, ಶುಲ್ಕ 20,000. ನಂಬರಿನಲ್ಲಿ 'ವಿಎ' ಅಕ್ಷರ ಸಿಗುತ್ತದೆ, ಆದರೆ ಆಮೇಲೆ ವ್ಯಾಪಾರಕ್ಕೆ ಓಡಿಸುವಂತಿಲ್ಲ. ಮೆರವಣಿಗೆ, ಪ್ರದರ್ಶನಕ್ಕೆ ಮಾತ್ರ. ಈ ನಿಯಮವನ್ನು ಮೊದಲೇ ಓದದೆ ಲೆಕ್ಕ ಬರೆದದ್ದು ನನ್ನ ತಪ್ಪು.

ದಾದಾಗೆ ಹೇಳಿದಾಗ ಅವರು ನಿಜಾಮರ ಕಾಲದ ಬಸ್ಸಿನ ಮಾತು ತೆಗೆದರು. 1932ರಲ್ಲಿ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ಶುರುವಾಯಿತು. ಬೀದರ್ ಆಗ ಅದೇ ಸಂಸ್ಥಾನದಲ್ಲಿತ್ತು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನಲ್ಲಿ ಈಗಲೂ ಜೋಪಾನವಾಗಿ ಇಟ್ಟಿದ್ದಾರೆ. "ಅದನ್ನು ನೋಡಬಹುದು, ಹತ್ತಿ ಮದುವೆಗೆ ಹೋಗೋಕಾಗಲ್ಲ. ನಮ್ಮದರಲ್ಲಿ ಹೋಗಬಹುದು. ಮನೆಯವರಿಗೆ ಬಾಡಿಗೆ ಯಾಕೆ?" ಎಂದರು.

ಈಗ ಕಾರು ಮತ್ತೆ ಬೇವಿನ ಮರದ ಕೆಳಗಿದೆ. ಅಬ್ಬಾ ಗುಜರಿಯವನ ನಂಬರನ್ನು ಇನ್ನೂ ಅಳಿಸಿಲ್ಲ. ಹೋದ ಭಾನುವಾರ ಭಾಲ್ಕಿಗೆ ಹೋದಾಗ, ಇದಕ್ಕೆ 50 ವರ್ಷ ಯಾವಾಗ ಆಗುತ್ತದೆ ಎಂದು ದಾದಾ ಕೇಳಿದರು. 2039ಕ್ಕೆ ಎಂದೆ. ಸ್ವಲ್ಪ ಹೊತ್ತು ಬೆರಳು ಎಣಿಸಿದರು.

"ಹಾಗಾದರೆ ಬರುವಾಗ ಒಂದು ಗಟ್ಟಿ ತಾಡಪತ್ರಿ ತಗೊಂಡು ಬಾ ಬೇಟಾ. ಬೇವಿನ ಎಲೆ ಬಿದ್ದು ಬಣ್ಣ ಹಾಳಾಗುತ್ತಿದೆ."