ನಾ ಕಂಡ ಜಿನೀವಾದ ಮಕ್ಕಳ ಶಾಲೆ

ಸ್ವಿಟ್ಜರ್ಲೆಂಡ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಹಿಮದ ಬೆಟ್ಟ, ಕೈಗಡಿಯಾರ, ಚಾಕಲೇಟು. ಅಲ್ಲಿನ ಜಿನೀವಾ ಊರಿಗೆ ಹೋಗಿ ಬಂದವರು ಸರೋವರದಿಂದ 140 ಮೀಟರ್ ಎತ್ತರಕ್ಕೆ ಚಿಮ್ಮುವ ಕಾರಂಜಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ನಾನೂ ತೆಗೆಸಿಕೊಂಡೆ ಅನ್ನಿ. ಆದರೆ ಓದುಗ ಸೋದರಿಯರೇ, ಊರಿಗೆ ಬಂದ ಮೇಲೂ ನನ್ನ ಮನಸ್ಸಿನಲ್ಲಿ ಉಳಿದದ್ದು ಅಲ್ಲಿನ ಒಂದು ಚಿಕ್ಕ ಮಕ್ಕಳ ಶಾಲೆ. ಅದರ ವಿಷಯ ನಿಮಗೆ ಹೇಳಲೇಬೇಕು.

ನನ್ನ ತಮ್ಮನಿಗೆ ಅಲ್ಲಿ ಕೆಲಸ. 2023ರ ಡಿಸೆಂಬರಿನಲ್ಲಿ ಅವನ ಮನೆಗೆ ಹೋಗಿ ಒಂದು ತಿಂಗಳಿದ್ದೆ. ಅವನ ಮಗಳು ಪುಟ್ಟಿಗೆ ಏಳು ವರ್ಷ. ಅವಳು ಓದುವುದು ಒಂದು ಅಂತರರಾಷ್ಟ್ರೀಯ ಪ್ರಾಥಮಿಕ ಶಾಲೆಯಲ್ಲಿ. ಆ ಊರಿಗೂ ಇಂಥ ಶಾಲೆಗಳಿಗೂ ಹಳೆಯ ನಂಟು. ಮೊದಲ ಮಹಾಯುದ್ಧ ಮುಗಿದು ರಾಷ್ಟ್ರಸಂಘ ಜಿನೀವಾದಲ್ಲಿ ಕಚೇರಿ ಹೂಡಿದಾಗ ನಾನಾ ದೇಶದ ನೌಕರರು ಹೆಂಡತಿ ಮಕ್ಕಳ ಸಮೇತ ಬಂದಿಳಿದರು. ಅವರ ಮಕ್ಕಳಿಗಾಗಿ 1924ರಲ್ಲಿ ಅಲ್ಲಿ ಒಂದು ಅಂತರರಾಷ್ಟ್ರೀಯ ಶಾಲೆ ಶುರುವಾಯಿತು. ನಮ್ಮ ಇಂದಿರಾ ಗಾಂಧಿಯವರೂ ಅದರಲ್ಲಿ ಓದಿದವರು! ತಾಯಿ ಕಮಲಾ ನೆಹರೂ ಅವರ ಚಿಕಿತ್ಸೆಗೆಂದು 1926ರಲ್ಲಿ ಮನೆಯವರು ಜಿನೀವಾಕ್ಕೆ ಹೋದಾಗ ಎಂಟು ವರ್ಷದ ಇಂದಿರಾರನ್ನು ಅಲ್ಲಿ ಸೇರಿಸಿದ್ದರಂತೆ. ನಮ್ಮ ಪುಟ್ಟಿಯದು ಆ ಶಾಲೆಯಲ್ಲ, ಅದೇ ದಾರಿ ಹಿಡಿದ ಇನ್ನೊಂದು.

ಫೀಸು ಎಷ್ಟು ಅಂತೀರಾ? ವರ್ಷಕ್ಕೆ ನಮ್ಮ ದುಡ್ಡಿನಲ್ಲಿ ಇಪ್ಪತ್ತು ಲಕ್ಷದ ಮೇಲೆ! ಕೇಳಿ ನನಗೆ ತಲೆ ತಿರುಗಿತು. ಬಹುಪಾಲು ತಮ್ಮನ ಕಚೇರಿಯೇ ಕೊಡುತ್ತದೆ, ಇಲ್ಲದಿದ್ದರೆ ಆಗುವ ಮಾತಲ್ಲ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಫೀಸಿಲ್ಲ, ಪಾಠವೂ ಚೆನ್ನಾಗಿರುತ್ತದೆ. ಆ ದೇಶದವರ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಅಲ್ಲಿಗೇ.

ಡಿಸೆಂಬರಿನಲ್ಲಿ ಅಲ್ಲಿ ಬೆಳಿಗ್ಗೆ ಎಂಟಾದರೂ ಸೂರ್ಯ ಕಣ್ಣು ಬಿಡೋದಿಲ್ಲ. ಅರೆಗತ್ತಲಲ್ಲೇ ಮಕ್ಕಳು ದಪ್ಪ ಕೋಟು, ಟೋಪಿ, ಕೈಗವಸು ಹಾಕಿಕೊಂಡು, ಬೆಳಕು ಬಿದ್ದರೆ ಮಿನುಗುವ ಪಟ್ಟಿ ಕಟ್ಟಿಕೊಂಡು ಹೊರಡುತ್ತವೆ. ಶಾಲೆಯ ಒಳಗೆ ಕಾಲಿಟ್ಟರೆ ಮೊದಲ ಕೆಲಸ ಬೂಟು ಬಿಚ್ಚಿ, ಒಳಗೆ ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳುವುದು. ಅದನ್ನು ನೋಡಿ ನನಗೆ ನಮ್ಮ ಮನೆಗೇ ಬಂದಂತಾಯಿತು. ಜಿಪ್ಪು ಎಳೆಯುವುದು, ಕೋಟು ಗೂಟಕ್ಕೆ ಹಾಕುವುದು, ಬಣ್ಣ ಬಳಿದ ಮೇಜು ಒರೆಸುವುದು, ಎಲ್ಲ ಅವೇ ಮಾಡಬೇಕು. ಬಿಡುವಿನಲ್ಲಿ ತುಂತುರು ಮಳೆಯಿದ್ದರೂ ಹೊರಗೇ ಆಟ. "ನೆಗಡಿ ಆಗೋಲ್ವಾ?" ಅಂತ ಕೇಳಿದೆ. ತಮ್ಮನ ಹೆಂಡತಿ ನಕ್ಕು, "ಮೊದಲ ವರ್ಷ ನಾನೂ ಹೀಗೇ ಒದ್ದಾಡಿದೆ ಅತ್ತಿಗೆ" ಅಂದಳು.

ಊಟದ ಡಬ್ಬಿಗೆ ಒಂದು ಕಟ್ಟುನಿಟ್ಟು. ಕಡಲೆಕಾಯಿ ಬೀಜ, ಗೋಡಂಬಿ ಹಾಕಕೂಡದು. ಕೆಲವು ಮಕ್ಕಳ ಮೈಗೆ ಅದು ಒಗ್ಗದೆ ಉಸಿರೇ ಕಟ್ಟುವ ಅಪಾಯವಂತೆ. ಹಾಗಾಗಿ ಪುಟ್ಟಿಯ ಚಿತ್ರಾನ್ನಕ್ಕೆ ಕಡಲೆಬೇಳೆ, ಉದ್ದಿನಬೇಳೆಯ ಒಗ್ಗರಣೆ ಮಾತ್ರ.

ಪಾಠದ ರೀತಿಯೇ ಬೇರೆ. 1968ರಲ್ಲಿ ಜಿನೀವಾದಲ್ಲೇ ಹುಟ್ಟಿದ ಐ.ಬಿ. ಎಂಬ ಸಂಸ್ಥೆ 1997ರಲ್ಲಿ ಚಿಕ್ಕ ಮಕ್ಕಳಿಗೂ ಒಂದು ಕ್ರಮ ರೂಪಿಸಿತು. ಮೂರರಿಂದ ಹನ್ನೆರಡು ವರ್ಷದವರಿಗೆ ಅದು. ಒಂದೊಂದು ವಿಷಯ ಹಿಡಿದು ವಾರಗಟ್ಟಲೆ ಅದನ್ನೇ ಕೆದಕುತ್ತಾರೆ. ಲೆಕ್ಕ, ಭಾಷೆ, ವಿಜ್ಞಾನ, ಚಿತ್ರ ಎಲ್ಲ ಅದರೊಳಗೇ ಬರುತ್ತದೆ. ನಾನು ಹೋದಾಗ ಪುಟ್ಟಿಯ ತರಗತಿಯಲ್ಲಿ ನೀರಿನ ಪಾಠ. ಆ ಊರಿನ ಕುಡಿಯುವ ನೀರಿನ ಬಹುಪಾಲು ಸರೋವರದ್ದೇ. ಅದು ನಲ್ಲಿಗೆ ಹೇಗೆ ಬರುತ್ತೆ ಅಂತ ಮಕ್ಕಳು ಚಿತ್ರ ಬರೆದಿದ್ದರು. ಮನೆಗೆ ಬಂದ ನೆಂಟರನ್ನೂ ಕೇಳಿಕೊಂಡು ಬನ್ನಿ ಅಂದಿದ್ದರಂತೆ. ಪುಟ್ಟಿ ನನ್ನ ಮುಂದೆ ಪೆನ್ಸಿಲ್ ಹಿಡಿದು ಕೂತಳು. ನಮ್ಮಲ್ಲಿ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುತ್ತೆ, ಹನ್ನೆರಡು ಕೊಡ, ಎರಡು ಡ್ರಮ್ಮು ತುಂಬಿಸಿಕೊಳ್ಳುತ್ತೇವೆ ಅಂದೆ. "ಕೊಡ ಅಂದ್ರೆ?" ಅಂದಳು, ಅದೂ ಇಂಗ್ಲಿಷಿನಲ್ಲಿ. ಕೊನೆಗೆ ನಾನೇ ಕೊಡದ ಚಿತ್ರ ಬರೆದುಕೊಟ್ಟೆ.

ಡಿಸೆಂಬರ್ 12ರ ಸುಮಾರಿಗೆ ಜಿನೀವಾದಲ್ಲಿ ಒಂದು ಹಬ್ಬ, ಎಸ್ಕಲಾಡ್ ಅಂತ. 1602ರಲ್ಲಿ ಆ ರಾತ್ರಿ ಸವಾಯ್ ದೊರೆಯ ಸೈನಿಕರು ಏಣಿ ಹಾಕಿ ಕೋಟೆ ಹತ್ತಿದರು. ಆಗ ರೋಯೋಮ್ ಎಂಬಾಕೆ, ಹದಿನಾಲ್ಕು ಮಕ್ಕಳ ತಾಯಿ, ಒಲೆಯ ಮೇಲಿದ್ದ ತರಕಾರಿ ಸಾರಿನ ಪಾತ್ರೆಯನ್ನು ಕುದಿಕುದಿಯುತ್ತಿದ್ದಂತೆಯೇ ಅವರ ತಲೆಯ ಮೇಲೆ ಸುರಿದಳು ಅನ್ನೋದು ಅಲ್ಲಿನವರ ಕಥೆ. ಒನಕೆ ಓಬವ್ವ ಇಲ್ಲಿ, ಸಾರಿನ ಪಾತ್ರೆಯ ಅಮ್ಮ ಅಲ್ಲಿ! ಅವತ್ತು ಶಾಲೆಗೆ ಮನೆಯವರಿಗೂ ಕರೆ. ಮಕ್ಕಳೇ ಕ್ಯಾರೆಟ್, ಆಲೂಗಡ್ಡೆ, ಕೋಸು, ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು ಹೆಚ್ಚಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿದರು. ಉಪ್ಪು, ಮೆಣಸಿನ ಪುಡಿ ಅಷ್ಟೇ, ಹುಳಿಯಿಲ್ಲ, ಖಾರವಿಲ್ಲ. ಆದರೂ ಆ ಚಳಿಯಲ್ಲಿ ರುಚಿಯಾಗಿತ್ತು. ಸಂಜೆ ಮನೆಯಲ್ಲಿ ಚಾಕಲೇಟಿನ ಪಾತ್ರೆ ಒಡೆಯುವ ಶಾಸ್ತ್ರ. ಮನೆಯ ಹಿರಿಯರೂ ಕಿರಿಯರೂ ಸೇರಿ ಒಡೆಯಬೇಕು. ಹಿರಿಯಳು ನಾನೇ, ಕಿರಿಯಳು ಪುಟ್ಟಿ. ಇಬ್ಬರೂ ಕೈ ಹಿಡಿದು ಒಂದೇಟು ಹಾಕಿದೆವು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಪುಟ್ಟಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಫ್ರೆಂಚು. ಇನ್ನೊಂದು ಭಾಷೆ ಸೇರಿದರೆ ಮಗುವಿಗೆ ಭಾರ ಅಂತ ತಮ್ಮ, ಅವನ ಹೆಂಡತಿ ಮನೆಯಲ್ಲೂ ಇಂಗ್ಲಿಷೇ ಆಡುತ್ತಿದ್ದರು. ಊರಿನಿಂದ ನಮ್ಮಮ್ಮ ಫೋನ್ ಮಾಡಿದರೆ ಮೊಮ್ಮಗಳು "ಹಲೋ ಅಜ್ಜಿ" ಅಂದು ಓಡಿಹೋಗುವಳು. ಅಮ್ಮನಿಗೆ ಇಂಗ್ಲಿಷು ಬಾರದು. ಫೋನಿಟ್ಟ ಮೇಲೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸಾರಿನ ಹಬ್ಬದ ದಿನ ಟೀಚರಮ್ಮ ನಮ್ಮ ಹತ್ತಿರ ಬಂದರು. ಐರ್ಲೆಂಡಿನವರು. ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರು. ತಮ್ಮ ಹೆಮ್ಮೆಯಿಂದ "ಇಂಗ್ಲಿಷ್" ಅಂದ. ಆಕೆ ಮೆಲ್ಲಗೆ ತಲೆಯಾಡಿಸಿ ಏನೋ ಹೇಳಿದರು. ಅವನ ಮುಖ ಸಣ್ಣಗಾಯಿತು. ಆಮೇಲೆ ನನಗೆ ಬಿಡಿಸಿ ಹೇಳಿದ: "ಇಂಗ್ಲಿಷು ಕಲಿಸೋದು ನಮ್ಮ ಕೆಲಸ, ನೀವು ಮನೆಯಲ್ಲಿ ನಿಮ್ಮ ಭಾಷೆ ಆಡಿ, ತನ್ನ ಭಾಷೆ ಗಟ್ಟಿಯಾಗಿರೋ ಮಗು ಬೇರೆ ಭಾಷೆಯನ್ನೂ ಚೆನ್ನಾಗಿ ಕಲಿಯುತ್ತೆ ಅಂದ್ರು ಅಕ್ಕ." ಯುನೆಸ್ಕೊ ಸಂಸ್ಥೆ 1953ರಲ್ಲೇ ಮಗುವಿನ ಮೊದಲ ಓದಿಗೆ ತಾಯ್ನುಡಿಯೇ ಒಳ್ಳೆಯದೆಂದು ಹೇಳಿದೆ. ನಮ್ಮ ದೇಶದ 2020ರ ಶಿಕ್ಷಣ ನೀತಿಯೂ ಆದಷ್ಟು ಮಟ್ಟಿಗೆ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ.

ಟೀಚರಮ್ಮ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರ ನಾನು ಬಂದು ಕನ್ನಡದಲ್ಲೇ ಒಂದು ಕಥೆ ಹೇಳಬೇಕಂತೆ! ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು ನಾನು. ಎದೆ ಡವಡವ ಅಂದಿತು. ಆದರೂ ಮೈಸೂರು ಸಿಲ್ಕ್ ಸೀರೆಯ ಮೇಲೆ ತಮ್ಮನ ಹೆಂಡತಿಯ ಕೋಟು ಹಾಕಿಕೊಂಡು ಹೋದೆ. ಹದಿನೆಂಟು ಮಕ್ಕಳು ನೆಲದ ಮೇಲೆ ಕೂತಿದ್ದವು. ಬ್ರೆಜಿಲ್, ಕೀನ್ಯಾ, ಜಪಾನ್, ನಾರ್ವೆ, ಎಲ್ಲೆಲ್ಲಿಯವೋ. ಕಾಗಕ್ಕ ಗುಬ್ಬಕ್ಕನ ಕಥೆ ಶುರು ಮಾಡಿದೆ. ಸಗಣಿಯ ಮನೆ ಮಳೆಗೆ ಕರಗಿಹೋದಾಗ ಕಾಗಕ್ಕ ಬಂದು ಬಾಗಿಲು ಬಡಿಯುವುದನ್ನು ಕೈಯಲ್ಲಿ ಮಾಡಿ ತೋರಿಸಿದೆ. ಮಕ್ಕಳು ತಾವೂ ನೆಲ ಬಡಿದವು. ಪಕ್ಕದಲ್ಲಿದ್ದ ಪುಟ್ಟಿ ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ನಡುವೆ ನಾನು ಒಂದು ಕಡೆ ಬಿಟ್ಟು ಮುಂದೆ ಹೋದೆ ನೋಡಿ, ನನ್ನ ಸೆರಗು ಎಳೆದು, "ಅತ್ತೆ, ಗುಬ್ಬಕ್ಕ ಮಗೂಗೆ ಸ್ನಾನ ಮಾಡ್ಸಿಲ್ಲ" ಅಂದಳು. ಕನ್ನಡದಲ್ಲಿ! ತಾನು ಅಂದದ್ದು ಯಾವ ಭಾಷೆ ಅನ್ನುವ ಅರಿವೂ ಅವಳಿಗಿರಲಿಲ್ಲ.

ಅಂದಿನಿಂದ ತಮ್ಮನ ಮನೆಯಲ್ಲಿ ಊಟದ ಹೊತ್ತು ಕನ್ನಡದ ಹೊತ್ತು. ಈಗ ಪುಟ್ಟಿ ಭಾನುವಾರ ತಾನಾಗಿ ಅಜ್ಜಿಗೆ ಫೋನ್ ಮಾಡುತ್ತಾಳೆ. ತಪ್ಪುತಪ್ಪಾಗಿ ಮಾತಾಡುತ್ತಾಳೆ, "ಅಜ್ಜಿ ಊಟ ಆಯ್ತಾ, ಹಸು ಬಂದ್ನಾ?" ಅಂತಾಳೆ. ಅಮ್ಮ ನಗುತ್ತಾ ತಿದ್ದುತ್ತಾರೆ.

ನಮ್ಮ ತಾಲ್ಲೂಕು ಊರುಗಳಲ್ಲೂ ಈಗ 'ಇಂಟರ್‌ನ್ಯಾಷನಲ್ ಸ್ಕೂಲ್' ಬೋರ್ಡಿಗೆ ಬರವಿಲ್ಲ. ನಮ್ಮ ಕಡೆಯ ಒಂದು ಶಾಲೆಯಲ್ಲಿ ಆಟದ ಬಯಲಿನಲ್ಲಿ ಕನ್ನಡ ಆಡಿದರೂ ಮಕ್ಕಳಿಗೆ ದಂಡ. ಆ ಭಯಕ್ಕೆ ತಾಯಂದಿರು ಬಾರದ ಇಂಗ್ಲಿಷಿನಲ್ಲಿ ಮಗುವಿಗೆ ಅನ್ನ ಕಲಸುತ್ತಾರೆ. ಇಂಗ್ಲಿಷು ಬೇಡ ಅಂತ ನಾನು ಹೇಳೋಲ್ಲ, ಹೊಟ್ಟೆಪಾಡಿಗೆ ಅದು ಬೇಕು. ಆದರೆ ಮಗುವನ್ನು ಸೇರಿಸುವ ಮುಂಚೆ ಶಾಲೆಯವರನ್ನು ಎರಡು ಮಾತು ಕೇಳಿ: ಮಕ್ಕಳು ಮನೆಮಾತು ಆಡಿದರೆ ಏನು ಮಾಡ್ತೀರಿ? ಅಜ್ಜಿ ಬಂದು ಒಂದು ಕಥೆ ಹೇಳಬಹುದಾ? ಅವರು ಮುಖ ಸಿಂಡರಿಸಿದರೆ ಬೋರ್ಡಿನಲ್ಲಿ ಏನೇ ಬರೆದಿರಲಿ, ಇನ್ನೊಂದು ಶಾಲೆಯನ್ನೂ ನೋಡಿಕೊಂಡು ಬನ್ನಿ. ಮನೆಯಲ್ಲಿ ರಾತ್ರಿ ಮಗು ಮಲಗುವ ಮುಂಚೆ ಕನ್ನಡದಲ್ಲಿ ಒಂದು ಕಥೆ ಹೇಳಿ. ಅದಕ್ಕೆ ಫೀಸಂತೂ ಇಲ್ಲ.