ಹತ್ತಿಯ ಜುಂಗು

ನಮ್ಮ ಕುಮಟೆಗೂ ಹತ್ತಿಗೂ ಹಳೆಯ ನಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಇಲ್ಲಿಯೇ ಹಡಗು ಹತ್ತುತ್ತಿತ್ತು. ಹೊರಗಿನ ಪೇಟೆಯಲ್ಲಿ ಅದಕ್ಕೆ ನಮ್ಮೂರಿನ ಹೆಸರೇ ಬಿದ್ದಿತ್ತು. ಹತ್ತಿಯಲ್ಲಿ ಕಸ ಬೆರೆಸುವವರು ಹೆಚ್ಚಾದಾಗ ಮುಂಬಯಿ ಸರಕಾರ 1863ರಲ್ಲಿ ಕಾನೂನು ಮಾಡಿ ಇನ್‌ಸ್ಪೆಕ್ಟರರನ್ನು ನೇಮಿಸಿತು. ಅಂಥ ಇನ್‌ಸ್ಪೆಕ್ಟರನೊಬ್ಬ ಮೊನ್ನೆ ನನ್ನ ಕಂಪ್ಯೂಟರಿನೊಳಗೇ ಬಂದು ಕುಳಿತನೆಂದರೆ ನೀವು ನಗಬಹುದು.

ಅವನ ಮನೆತನದ ಹೆಸರು 'ಲಿಂಟ್'; ಎಂದರೆ ಬಟ್ಟೆಗೆ ಅಂಟುವ ಹತ್ತಿಯ ಜುಂಗು. ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 1978ರಲ್ಲಿ, ಪ್ರೋಗ್ರಾಮುಗಳಲ್ಲಿ ಅಡಗಿದ ದೋಷ ಹೆಕ್ಕುವ ತಮ್ಮ ಸಾಧನಕ್ಕೆ ಈ ಹೆಸರಿಟ್ಟರು. ಶೆಲ್ ಸ್ಕ್ರಿಪ್ಟುಗಳಿಗಾಗಿ ಇರುವವನು 'ಶೆಲ್‌ಚೆಕ್'. ಅವನು ಸ್ಕ್ರಿಪ್ಟನ್ನು ಓಡಿಸುವುದಿಲ್ಲ. ಬರಿದೆ ಓದುತ್ತಾನೆ, ಗೊಣಗುತ್ತಾನೆ.

ಕುಮಟಾ, ಹೊನ್ನಾವರ, ಭಟ್ಕಳ ಈ ಮೂರೂರಲ್ಲಿ ಶಾಖೆಗಳಿದ್ದ ಒಂದು ಸಂಘದ ಲೆಕ್ಕವನ್ನು ಬಹುಕಾಲ ನೋಡಿಕೊಂಡವನು ನಾನು. ಊರಿಗೊಂದು ಫೋಲ್ಡರು, ಅದರೊಳಗೆ ವರ್ಷಕ್ಕೊಂದು, ಎಲ್ಲೆಲ್ಲಿಯೂ ನಾನೇ ಬರೆದ ಸ್ಕ್ರಿಪ್ಟುಗಳು. ಕೆಲಸ ಬಿಡುವಾಗ ಮನೆಗೆ ತಂದ ಅವುಗಳ ಪ್ರತಿಯ ಮೇಲೆ ನನಗೆ ಇನ್ನೂ ಮೋಹ. ರಜೆಗೆ ಬಂದ ತಂಗಿಯ ಮಗಳು, "ಒಂದೊಂದೇ ಯಾಕೆ ತೆರೀತೀರಿ ಮಾವ?" ಎಂದವಳೇ, ಗಿಡದ ಬುಡದಿಂದ ತುದಿಯವರೆಗೆ ಹುಡುಕುವ 'ಫೈಂಡ್' ಎಂಬ ಆಜ್ಞೆಗೆ ಶೆಲ್‌ಚೆಕ್ಕನ್ನು ಗಂಟುಹಾಕಿದಳು. ಒಂದೇ ಸಾಲು! ನಲವತ್ತೊಂದು ಸ್ಕ್ರಿಪ್ಟುಗಳು ಸಾಲಾಗಿ ನಿಂತವು.

ಹೆಚ್ಚಿನವು ಚಿಲ್ಲರೆ ತಕರಾರು: ಇಲ್ಲಿ ಉದ್ಧರಣ ಚಿಹ್ನೆ ಇಲ್ಲ, ಅಲ್ಲಿ ಹೆಸರಿಟ್ಟದ್ದನ್ನು ಬಳಸಿಲ್ಲ. ನಕ್ಕೆವು. ಹೊನ್ನಾವರದ ಒಂದು ಸಾಲಿನಲ್ಲಿ ಮಾತ್ರ ನನ್ನ ನಗು ನಿಂತಿತು. ಹಳೆಯ ಕಡತಗಳ ಫೋಲ್ಡರಿಗೆ ಹೋಗು, ಬಳಿಕ ಅಲ್ಲಿದ್ದುದನ್ನೆಲ್ಲ ಅಳಿಸು ಎಂದು ನಾನು ಬರೆದಿದ್ದೆ. "ಹೋಗಲಾಗದಿದ್ದರೆ?" ಎಂದು ಇನ್‌ಸ್ಪೆಕ್ಟರನ ಪ್ರಶ್ನೆ. ಹೋಗಲಾಗದಿದ್ದರೆ, ನಿಂತಲ್ಲಿಯೇ ಇರುವುದನ್ನೆಲ್ಲ ಅಳಿಸುತ್ತದೆ!

2016ರ ಮಳೆಗಾಲದಲ್ಲಿ ಹೊನ್ನಾವರದ ಲೆಕ್ಕವೆಲ್ಲ ಒಂದು ರಾತ್ರಿ ಮಾಯವಾಗಿತ್ತು. ಅಂದು ಸಂಜೆ ಒಂದು ಫೋಲ್ಡರಿನ ಹೆಸರು ಬದಲಿಸಿದ್ದ ಗುಮಾಸ್ತನ ಮೇಲೆ ಆರೋಪ ಬಂತು. "ಹೆಸರು ಬದಲಿಸಿದೆ, ಅಳಿಸಲಿಲ್ಲ" ಎಂದು ಅವನು ಸಭೆಯಲ್ಲಿ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಕಂಪ್ಯೂಟರು ತಾನಾಗಿ ತಪ್ಪು ಮಾಡದು ಎಂದವನು ನಾನೇ. ಅವನನ್ನು ಭಟ್ಕಳಕ್ಕೆ ವರ್ಗ ಮಾಡಿದರು. ಕಾಗದದ ರಸೀದಿಗಳಿಂದ ಲೆಕ್ಕವನ್ನು ಮತ್ತೆ ಕಟ್ಟಿದೆವು. ಅವನ ಮಾನವನ್ನು ಕಟ್ಟುವ ಯೋಚನೆ ಯಾರಿಗೂ ಬರಲಿಲ್ಲ.

ಆ ಸಾಲು ತಿದ್ದಲು ಅರ್ಧ ನಿಮಿಷವೂ ಬೇಡ: ಹೋಗಲಾಗದಿದ್ದರೆ ಅಲ್ಲಿಗೇ ನಿಲ್ಲು. ಸಂಘಕ್ಕೆ ಅದನ್ನು ಕಳಿಸಿದೆ. ಆದರೆ ಅಂದು ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಕುಮಟೆಯಲ್ಲಿ ರೈಲು ಹತ್ತಿದೆ. ಶರಾವತಿ ದಾಟುವಾಗ, ಏನು ಹೇಳಲಿ ಎಂದು ಹತ್ತು ಸಲ ಮನಸ್ಸಿನಲ್ಲೇ ಬರೆದು ಅಳಿಸಿದೆ. ಭಟ್ಕಳದಲ್ಲಿ ಅವನು ನನ್ನನ್ನು ಕೂರಿಸಿ ಚಹಾ ತರಿಸಿದ. ನಾನು ತಂದಿದ್ದ ಹಾಳೆಯನ್ನು ಎರಡು ಸಲ ಓದಿ ಮಡಚಿ ಹಿಂದಕ್ಕೆ ಕೊಟ್ಟ.

"ನನಗೆ ಗೊತ್ತಿತ್ತಲ್ಲ ರಾಯರೇ, ನಾನು ಅಳಿಸಿಲ್ಲ ಅಂತ. ಇದನ್ನು ಅವರಿಗೆ ಹೇಳಿ."

ಬರುವ ತಿಂಗಳು ಸಂಘದ ವಾರ್ಷಿಕ ಸಭೆಯಿದೆ. ಮಾತನಾಡಲು ಹೆಸರು ಕೊಟ್ಟಿದ್ದೇನೆ.