ನಾಲ್ಕು ಅಡಿಕೆ ಗಿಡದ ಜಾಗ

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ತಿಂಗಳಿಗೊಂದು ಭಾನುವಾರ ಸಂತೆ ನಡೆಯುತ್ತೆ. ಸಂತೆ ಅಂದರೆ ಈರುಳ್ಳಿ ಮೂಟೆ, ಕೂಗಾಟ ಎಲ್ಲ ಇರಲ್ಲ. ಬಿಳಿ ಬಟ್ಟೆ ಹಾಸಿದ ಮೇಜುಗಳು, ಸಣ್ಣ ಸಣ್ಣ ಬಾಟಲಿಗಳು, ಕ್ಯೂಆರ್ ಕೋಡು. ಎರಡು ವರ್ಷದ ಹಿಂದೆ ಅಲ್ಲೊಂದು ಮೇಜಿನ ತುಂಬ ಜಾಮುಗಳಿದ್ದವು. ಕೊಡಗಿನ ಕಿತ್ತಳೆ ಮತ್ತು ಶುಂಠಿ. ದೇವನಹಳ್ಳಿ ಚಕ್ಕೋತ ಮತ್ತು ಏಲಕ್ಕಿ. ಕೊನೆಯಲ್ಲಿ ಪೈನಾಪಲ್ ಮತ್ತು ಒಣಮೆಣಸಿನಕಾಯಿ, ಬೆಲೆ 420 ರೂಪಾಯಿ. ‘ಯಾರೂ ಊಹಿಸದ ಜೋಡಿ’ ಅಂತ ಚೀಟಿ ಬೇರೆ.

ನನಗೆ ನಗು ಬಂತು. ಪೈನಾಪಲ್ಲಿಗೆ ಮೆಣಸಿನಕಾಯಿ, ಬೆಲ್ಲ ಹಾಕಿ ಕುದಿಸಿದರೆ ಅದು ಗೊಜ್ಜು ಅಲ್ವಾ? ನಮ್ಮ ಕಡೆ ಯಾವ ಮದುವೆ ಮನೆ ಎಲೆಯ ತುದಿಯಲ್ಲಿ ಅದು ಬಿದ್ದಿಲ್ಲ? ಹುಳಿ, ಸಿಹಿ, ಖಾರ ಮೂರನ್ನೂ ಒಂದೇ ಚಮಚದಲ್ಲಿ ತಿನ್ನೋದನ್ನ ನಾವು ಯಾರಿಂದಲೂ ಕಲೀಬೇಕಾಗಿಲ್ಲ. ಹಾಗಂತ ಮನಸ್ಸಲ್ಲೇ ಭಾಷಣ ಮಾಡಿ, ಆಮೇಲೆ ಒಂದು ಬಾಟಲಿ ಕೊಂಡೆ. ಚೆನ್ನಾಗಿತ್ತು. ಅದೇ ತೊಂದರೆ ಆಗಿದ್ದು. ‘ಇದನ್ನ ನಾನೂ ಮಾಡಬಹುದು’ ಅನ್ನಿಸಿಬಿಡ್ತು.

ಮನೆಯಲ್ಲಿ ಆಗ ಒಂದು ಚೀಲ ಹೇರಳೆಕಾಯಿ ಇತ್ತು. ಅಂತರಘಟ್ಟೆಯಲ್ಲಿರೋ ದೊಡ್ಡಮ್ಮ ಪ್ರತಿ ಚಳಿಗಾಲಕ್ಕೂ ಯಾರಾದರೊಬ್ಬರ ಕೈಲಿ ಕಳಿಸುತ್ತಾರೆ. ಹೇರಳೆಕಾಯಿ ನೋಡದವರಿಗೆ ಹೇಳೋದಾದರೆ: ನಿಂಬೆಹಣ್ಣಿನ ದೊಡ್ಡಪ್ಪನ ಥರ ಇರುತ್ತೆ. ದಪ್ಪ ಸಿಪ್ಪೆ, ಜೋರು ಹುಳಿ, ಬಾಯಲ್ಲಿ ಕೂತುಬಿಡುವ ಕಹಿ. ಚಿತ್ರಾನ್ನಕ್ಕೆ ರಸ, ಗೊಜ್ಜಿಗೆ ಸಿಪ್ಪೆ. ಮಾರ್ಮಲೇಡ್‌ಗೆ ಬೇಕಾಗೋದು ಇಂಥದ್ದೇ ಅಂತ ಓದಿದೆ. ಬ್ರಿಟಿಷರು ಅದನ್ನ ಮಾಡೋದು ಸ್ಪೇನಿನ ಸೆವಿಲ್ ಕಡೆಯ ಕಹಿ ಕಿತ್ತಳೆಯಲ್ಲಿ. ಆ ಊರಿನ ಬೀದಿ ಬೀದಿಯಲ್ಲೂ ಆ ಮರಗಳಿವೆ. ಹಾಗೇ ಸುಲಿದು ತಿನ್ನೋಕೆ ಬಾರದ ಹಣ್ಣು. ಯಾವುದೋ ದೇಶದವರ ಬೆಳಗಿನ ಬ್ರೆಡ್ಡಿಗಾಗಿ ಅದು ಹಡಗು ಹತ್ತುತ್ತೆ.

ಸರಿ, ಶುರು ಮಾಡಿದೆ. ನಾನು ಸಾಫ್ಟ್‌ವೇರ್ ಟೆಸ್ಟರ್. ಸೂಚನೆಯನ್ನ ಅಕ್ಷರಶಃ ಪಾಲಿಸೋದು, ಎಲ್ಲಿ ಮುರಿಯುತ್ತೆ ಅಂತ ನೋಡೋದು ನನ್ನ ಸಂಬಳದ ಕೆಲಸ. ಇಂಗ್ಲಿಷ್ ರೆಸಿಪಿಯಲ್ಲಿ ‘105 ಡಿಗ್ರಿ ಬಂದ ಕೂಡಲೇ ಇಳಿಸಿ’ ಅಂತಿತ್ತು. ಥರ್ಮಾಮೀಟರ್ ತರಿಸಿದೆ. 102ರ ಹತ್ತಿರ ನೋಡಲು ಚೆನ್ನಾಗೇ ಇತ್ತು. ಆದರೂ ಕಾದೆ. 105 ಬಂತು, ಇಳಿಸಿದೆ, ಬಾಟಲಿಗೆ ಹಾಕಿದೆ. ಬೆಳಿಗ್ಗೆ ಚಮಚ ಒಳಗೆ ಹೋಗಲಿಲ್ಲ. ಚಾಕು ಹೋಯಿತು, ವಾಪಸ್ ಬರಲಿಲ್ಲ. ಐದು ಬಾಟಲಿ ತುಂಬ ಅಂಟು ಮಿಠಾಯಿ.

ದೊಡ್ಡಮ್ಮನಿಗೆ ಫೋನ್ ಮಾಡಿದೆ. “105 ಅಂದ್ರೆ ಏನೇ ಅದು? ಪಾಕ ನೋಡಿದ್ಯೋ ಇಲ್ವೋ?” ಅಂದರು. ಅಷ್ಟೇ. ಅವರಿಗೆ ಅದರಲ್ಲಿ ಚರ್ಚೆ ಮಾಡೋ ವಿಷಯವೇ ಕಾಣಲಿಲ್ಲ.

ಆಮೇಲೆ ನನಗೇ ಹೊಳೆಯಿತು. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ. ಪ್ರತಿ 300 ಮೀಟರ್ ಮೇಲೆ ಹೋದಂತೆ ಸುಮಾರು ಒಂದು ಡಿಗ್ರಿ ಇಳಿಯುತ್ತೆ. ಬೆಂಗಳೂರು 900 ಮೀಟರ್ ಮೇಲಿದೆ, ಇಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತೆ. ಜಾಮ್ ಹಿಡಿಯೋದು ನೀರಿನ ಕುದಿತಕ್ಕಿಂತ ನಾಲ್ಕೂವರೆ, ಐದು ಡಿಗ್ರಿ ಮೇಲೆ. ಅಂದರೆ ಇಂಗ್ಲೆಂಡಿನ 105, ನಮ್ಮ ಅಡುಗೆಮನೆಯಲ್ಲಿ 102. ಅಷ್ಟು ಹೊತ್ತಿಗೆ ಸಕ್ಕರೆಯ ಅಂಶ ನೂರಕ್ಕೆ 65ರ ಹತ್ತಿರ ಬಂದಿರುತ್ತೆ. ನಮ್ಮ ದೇಶದ ಆಹಾರ ನಿಯಮ ಜಾಮಿಗೆ ಕೇಳೋದೂ ಕನಿಷ್ಠ ಅಷ್ಟನ್ನೇ. ನೀರನ್ನೆಲ್ಲ ಸಕ್ಕರೆ ಹಿಡಿದಿಟ್ಟುಕೊಂಡರೆ ಬೂಷ್ಟಿಗೆ ಕುಡಿಯೋಕೆ ಏನೂ ಉಳಿಯಲ್ಲ, ಅದಕ್ಕೇ ಜಾಮ್ ಕೆಡಲ್ಲ. ಇದನ್ನೆಲ್ಲ ದೊಡ್ಡಮ್ಮ ಒಂದು ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಬೆರಳಲ್ಲಿ ತಳ್ಳಿ, ಸುಕ್ಕುಗಟ್ಟಿತಾ ಇಲ್ವಾ ಅಂತ ನೋಡಿ ಮುಗಿಸುತ್ತಾರೆ. ತಟ್ಟೆಗೆ ಊರಿನ ಎತ್ತರ ಗೊತ್ತಿರಬೇಕಾಗಿಲ್ಲ.

ಫೆಬ್ರವರಿಯಲ್ಲಿ ಜಾತ್ರೆಗೆ ಊರಿಗೆ ಹೋದೆ. ಬೀರೂರಿನಲ್ಲಿ ರೈಲಿಳಿದು, ಅಜ್ಜಂಪುರದ ಬಸ್ಸು ಹಿಡಿದು, ಅಲ್ಲಿಂದ ಮುಂದೆ. ಅಂತರಘಟ್ಟಮ್ಮನ ಜಾತ್ರೆಗೆ ಸುತ್ತಲಿನ ಊರುಗಳಿಂದ ಜನ ಎತ್ತಿನ ಗಾಡಿ ಸಿಂಗರಿಸಿ, ಓಡಿಸಿಕೊಂಡು ಬರುತ್ತಾರೆ. ಆ ಗಾಡಿಗಳಿಗೆ ಪಾನಕದ ಗಾಡಿ ಅಂತಲೇ ಹೆಸರು. ಧೂಳು, ಗೆಜ್ಜೆ, ಮಕ್ಕಳ ಕೇಕೆ. ಬಿಸಿಲಲ್ಲಿ ಬಂದವರಿಗೆ ಕೊಡೋಕೆ ದೊಡ್ಡಮ್ಮನ ಹಿತ್ತಲ ಬಾಗಿಲಲ್ಲೂ ಒಂದು ಕೊಳಗ ಪಾನಕ.

ಹಿತ್ತಲಲ್ಲಿ ಬಾವಿ, ಬಾವಿ ಪಕ್ಕ ಹೇರಳೆ ಮರ. ಮರದ ಬುಡಕ್ಕೆ ಬಿಳಿ ಸುಣ್ಣದಲ್ಲಿ ಒಂದು ಗುರುತು ಹಾಕಿತ್ತು.

“ಇದೇನು?” ಅಂದೆ.

“ತೆಗೆಸ್ತೀನಿ,” ಅಂದ ಅಣ್ಣ, ದೊಡ್ಡಮ್ಮನ ಮಗ. “ಮುಂಗಾರಿಗೆ ಮುಂಚೆ. ಅಡಿಕೆ ಸಾಲು ಇಲ್ಲಿಗಂಟ ತರಬೇಕು.”

ಅಡಿಕೆ ಗಿಡ ಒಂಬತ್ತಡಿಗೊಂದು. ಹೇರಳೆ ಮರದ ನೆರಳು ಬೀಳೋ ಜಾಗದಲ್ಲಿ ನಾಲ್ಕು ಗಿಡ ಕೂರುತ್ತೆ ಅಂತ ಅವನ ಲೆಕ್ಕ. ಲೆಕ್ಕದಲ್ಲಿ ತಪ್ಪು ಹುಡುಕೋಕೆ ನನಗೆ ಆಗಲಿಲ್ಲ. ಮರದಲ್ಲಿ ವರ್ಷಕ್ಕೆ ನೂರೈವತ್ತು ಕಾಯಿ ಬಿಡುತ್ತೆ. ಮನೆಗೆ ಇಪ್ಪತ್ತು, ಹಂಚೋಕೆ ಮೂವತ್ತು, ಉಳಿದದ್ದು ಕೆಳಗೆ ಬಿದ್ದು ಕೊಳೆಯುತ್ತೆ. ಈಗಿನ ಸೊಸೆಯಂದಿರು ಗೊಜ್ಜು ಮಾಡಲ್ಲ ಅಂತ ದೊಡ್ಡಮ್ಮ ಅಂದರು. ಬೈದು ಹೇಳಲಿಲ್ಲ, ಮಳೆ ಬರಲಿಲ್ಲ ಅನ್ನೋ ಥರ ಹೇಳಿದರು.

ಅವತ್ತು ಸಂಜೆ ಎಂಟು ಕಾಯಿ ಕಿತ್ತೆವು. ಸಿಪ್ಪೆಯನ್ನ ಕಡ್ಡಿಯಂತೆ ಸೀಳಿ ರಾತ್ರಿಯಿಡೀ ನೀರಲ್ಲಿ ನೆನೆಸಿದೆವು. ಬೀಜ, ಒಳಗಿನ ಬಿಳಿ ನಾರು ಎಲ್ಲ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಅದೇ ನೀರಿಗೆ ಬಿಟ್ಟೆ. ದೊಡ್ಡಮ್ಮ ಅನುಮಾನದಿಂದ ನೋಡಿದರು, ಬೀಜ ಬಿಸಾಕೋದು ಅವರ ಪದ್ಧತಿ. ಜಾಮನ್ನ ಹಿಡಿಸೋ ಪೆಕ್ಟಿನ್ ಇರೋದೇ ಅದರಲ್ಲಿ ಅಂದೆ. ಬೆಳಿಗ್ಗೆ ಕುದಿಸಿ, ಗಂಟನ್ನ ಹಿಂಡಿದಾಗ ಲೋಳೆ ಲೋಳೆ ಇಳಿಯಿತು. ಅವರು ಎರಡು ಬೆರಳ ನಡುವೆ ಉಜ್ಜಿ ನೋಡಿ “ಹೌದಲ್ವೇ” ಅಂದರು. ನನ್ನ ಜೀವನದಲ್ಲಿ ದೊಡ್ಡಮ್ಮನಿಗೆ ನಾನು ಕಲಿಸಿದ ಅಡುಗೆ ವಿಷಯ ಅದೊಂದೇ.

ಸಿಪ್ಪೆ ಮೆತ್ತಗಾದ ಮೇಲೆ ಮೂರು ಕೆಜಿ ಬೆಲ್ಲ. ಸಿಪ್ಪೆ ಬೇಯೋಕೆ ಮುಂಚೆ ಸಿಹಿ ಹಾಕಿದರೆ ಅದು ರಬ್ಬರಾಗುತ್ತೆ, ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗಲ್ಲ. ಬೆಲ್ಲದಲ್ಲಿ ಬಣ್ಣ ಕಪ್ಪು, ಹಿಡಿತ ಸ್ವಲ್ಪ ಸಡಿಲ. ಆದರೆ ವಾಸನೆಗೆ ಬೀದಿಯವರು ಬಂದು ಇಣುಕುತ್ತಾರೆ.

“ಏನಾದ್ರೂ ಹೊಸ ಫ್ಲೇವರ್ ಕೊಡಬೇಕು ದೊಡ್ಡಮ್ಮ.”

“ಹೊಸದೇನು ಬಂತು? ಬೆಲ್ಲ ಐತೆ, ಹುಳಿ ಐತೆ. ಪಾನಕಕ್ಕೆ ಹಾಕೋದನ್ನೇ ಹಾಕು.”

ಕುಟ್ಟಿದ ಕಾಳುಮೆಣಸು, ಒಣಶುಂಠಿ, ಏಲಕ್ಕಿ. ತಟ್ಟೆಯ ಮೇಲೆ ಹನಿ ಬಿಟ್ಟು, ತಳ್ಳಿ, ಇಳಿಸು ಅಂದರು. ಥರ್ಮಾಮೀಟರ್ ಬ್ಯಾಗಿನಲ್ಲೇ ಉಳಿಯಿತು. 200 ಗ್ರಾಮಿನ ಇಪ್ಪತ್ಮೂರು ಬಾಟಲಿ ಆಯಿತು. ಒಂದು ಅವರಿಗೆ.

ಇಪ್ಪತ್ತೆರಡು ಬಾಟಲಿ ಮುಂದಿನ ಸಂತೆಗೆ ಇಟ್ಟೆ. ಹೆಸರು ‘ಪಾನಕ ಮಾರ್ಮಲೇಡ್’, ಬೆಲೆ 280. ಒಂಬತ್ತು ಹೋಯಿತು. ರುಚಿ ನೋಡಿದವರೆಲ್ಲ ಮೊದಲು ಕಣ್ಣರಳಿಸುತ್ತಿದ್ದರು, ಎರಡು ಸೆಕೆಂಡ್ ಬಿಟ್ಟು ಮುಖ ಹಿಂಡುತ್ತಿದ್ದರು. “ತುಂಬ ಯುನೀಕ್ ಇದೆ” ಅಂದು ಚಮಚ ಕೆಳಗಿಡುತ್ತಿದ್ದರು. ಯುನೀಕ್ ಅಂದವರು ಯಾರೂ ಕೊಳ್ಳಲಿಲ್ಲ.

ನಾನು ಟೆಸ್ಟರ್. ಬಳಕೆದಾರರು ದೂರು ಕೊಟ್ಟರೆ ಸರಿಮಾಡಬೇಕು. ಉಳಿದ ಕಾಯಿಯಲ್ಲಿ ಇನ್ನೊಂದು ಸಲ ಮಾಡಿದೆ. ಸಿಪ್ಪೆಯನ್ನ ಮೂರು ಸಲ ಕುದಿಸಿ ಮೂರು ಸಲವೂ ನೀರು ಚೆಲ್ಲಿದೆ. ಬೆಲ್ಲದ ಬದಲು ಸಕ್ಕರೆ. ಚಿನ್ನದ ಬಣ್ಣ, ಬೆಳಕಿಗೆ ಹಿಡಿದರೆ ಹೊಳೆಯುತ್ತೆ. ಫೋಟೋ ಎಷ್ಟು ಚೆನ್ನಾಗಿ ಬಂತು ಅಂದರೆ ನನಗೇ ಹೆಮ್ಮೆ. ಎಲ್ಲ ಬಾಟಲಿ ಒಂದೇ ಬೆಳಿಗ್ಗೆಯಲ್ಲಿ ಖಾಲಿ. ಒಂದನ್ನ ಮೊದಲೇ ತೆಗೆದಿಟ್ಟಿದ್ದೆ, ಯುಗಾದಿಗೆ ಊರಿಗೆ ಒಯ್ದೆ.

ದೊಡ್ಡಮ್ಮ ಚಮಚ ಬಾಯಿಗಿಟ್ಟುಕೊಂಡರು. ಇನ್ನೊಂದು ಚಮಚ ತಗೊಂಡರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

“ಚೆನ್ನಾಗೈತೆ ಕಣೇ. ಆದ್ರೆ ಇದಕ್ಕೆ ಹೇರಳೆ ಯಾಕೆ ಬೇಕಿತ್ತು? ನಿಂಬೆಹಣ್ಣು ಸಾಕಾಗಿತ್ತಲ್ಲ.”

ಅವರು ಅದನ್ನ ಸುಮ್ಮನೆ ಕೇಳಿದ್ದು. ಆದರೆ ಆ ಹೊತ್ತಿಗೆ ನನ್ನ ಕಣ್ಣು ಹಿತ್ತಲ ಬಾಗಿಲಿಂದಾಚೆ ಸುಣ್ಣದ ಗುರುತಿನ ಮೇಲಿತ್ತು. ಹೇರಳೆಯಲ್ಲಿ ಹೇರಳೆತನ ಅಂತ ಇರೋದೇ ಆ ಕಹಿ. ಅದನ್ನ ಮೂರು ನೀರಲ್ಲಿ ಚೆಲ್ಲಿ, ಯಾರ ಬಾಯಿಗೂ ತೊಂದರೆ ಆಗದ ಹಾಗೆ ಮಾಡಿ ಮಾರಿದ್ದೆ. ಅಣ್ಣ ಮರ ಕಡಿಯೋಕೆ ಮುಂಚೆ ನಾನೇ ಕಡಿದು ಬಾಟಲಿಗೆ ತುಂಬಿದ ಹಾಗಾಗಿತ್ತು. ನಾನು ಹೀಗೇ ಮಾರುತ್ತಾ ಹೋದರೆ, ಇನ್ನು ಸ್ವಲ್ಪ ದಿನಕ್ಕೆ ನನಗೂ ನಿಂಬೆಹಣ್ಣೇ ಸುಲಭ ಅನ್ನಿಸುತ್ತಿತ್ತು.

ಅವತ್ತೇ ಅಣ್ಣನ ಜೊತೆ ಕೂತೆ. ಕಾಯಿಗೆ 25 ರೂಪಾಯಿ ಕೊಡ್ತೀನಿ ಅಂದೆ. “ನೂರೈವತ್ತೂ ತಗೊಂತೀಯಾ?” ಅಂದ. ಮನಸ್ಸಲ್ಲೇ ಗುಣಿಸಿದೆ. ಎಂಟು ಕಾಯಿಗೆ ಇಪ್ಪತ್ಮೂರು ಬಾಟಲಿ. ನೂರೈವತ್ತಕ್ಕೆ ನಾನೂರಕ್ಕೂ ಮೇಲೆ. ಕಹಿಯದ್ದು ನಾನು ಅಲ್ಲಿಯವರೆಗೆ ಮಾರಿದ್ದು ಒಂಬತ್ತು. ತಗೊಂತೀನಿ ಅನ್ನೋಕೆ ಬಾಯಿ ಬರಲಿಲ್ಲ. “ನಲವತ್ತು” ಅಂದೆ. ಅವನು ನಕ್ಕ. ಸಾವಿರ ರೂಪಾಯಿ. ಅಡಿಕೆ ಮುಂದೆ ಅದು ಏನೂ ಅಲ್ಲ, ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. “ಅಡಿಕೆ ಫಲಕ್ಕೆ ಬರೋಕೆ ಹೆಂಗೂ ಐದಾರು ವರ್ಷ. ಒಂದು ವರ್ಷ ನೋಡಾಣ,” ಅಂದ. ಒಳಗಿಂದ ದೊಡ್ಡಮ್ಮ ಏನೂ ಹೇಳಲಿಲ್ಲ. ಪಾತ್ರೆ ಸದ್ದು ಮಾತ್ರ ಒಂದು ಕ್ಷಣ ನಿಂತಿತ್ತು.

ಈಗ ಬೆಲ್ಲದ್ದನ್ನೇ ಮಾಡ್ತೀನಿ. ಸಿಪ್ಪೆಯ ನೀರು ಚೆಲ್ಲಲ್ಲ. ಬಾಟಲಿ ಮೇಲೆ ದೊಡ್ಡದಾಗಿ ‘ಕಹಿ ಇದೆ’ ಅಂತ ಬರೆದಿದ್ದೀನಿ, ಅದರ ಕೆಳಗೆ ‘ಅಂತರಘಟ್ಟೆಯ ಒಂದು ಮರದ್ದು’ ಅಂತ. ವಿಚಿತ್ರ ಅಂದರೆ, ಮೊದಲೇ ಹೇಳಿಬಿಟ್ಟರೆ ಜನ ಮುಖ ಹಿಂಡೋದು ಕಮ್ಮಿ. ಬ್ರೆಡ್ಡಿಗಿಂತ ರಾಗಿ ರೊಟ್ಟಿಗೆ, ಮೊಸರನ್ನದ ಪಕ್ಕಕ್ಕೆ ಚೆನ್ನಾಗಿರುತ್ತೆ ಅಂತ ಕೊಂಡವರೇ ನನಗೆ ಹೇಳಿದರು. ಹೋದ ಚಳಿಗಾಲದಲ್ಲಿ ನೂರಹತ್ತು ಬಾಟಲಿ ಮಾರಿದೆ. ಲಾಭ ಅಂತ ಕೇಳಬೇಡಿ, ಬಾಟಲಿಯ ಖರ್ಚು ಕಳೆದು, ಊರಿಗೆ ಹೋಗಿ ಬರೋ ರೈಲು ಚಾರ್ಜು ಹುಟ್ಟಿತು.

ಅಣ್ಣ ಅಡಿಕೆ ಗುಂಡಿ ತೆಗೆಸಿದ್ದಾನೆ. ಸಾಲು ನೇರವಾಗಿ ಬಂದು, ಬಾವಿಯ ಹತ್ತಿರ ನಿಂತು, ಮರದ ಆಚೆಯಿಂದ ಮತ್ತೆ ಶುರುವಾಗುತ್ತೆ. ನೋಡಿದವರು ಇದ್ಯಾಕೆ ಹೀಗೆ ಅಂತ ಕೇಳ್ತಾರಂತೆ. ಸುಣ್ಣದ ಗುರುತು ಎರಡು ಮಳೆಗಾಲಕ್ಕೆ ತೊಳೆದುಹೋಗಿದೆ. ಮತ್ತೆ ಹಾಕಿಲ್ಲ.

ಮೊನ್ನೆ ಅವನೇ ಫೋನ್ ಮಾಡಿದ್ದ. ಅಡಿಕೆ ರೇಟು, ಮಕ್ಕಳ ಸ್ಕೂಲು ಎಲ್ಲ ಮಾತಾಡಿ, ಇಡೋ ಹೊತ್ತಿಗೆ, “ಈ ಸಲ ಎಷ್ಟು ಕಾಯಿ ಬೇಕು, ಈಗ್ಲೇ ಹೇಳಿಬಿಡು,” ಅಂದ.

ಅರವತ್ತು ಅಂದಿದ್ದೀನಿ. ನಾನು ಇಲ್ಲಿಯವರೆಗೆ ಯಾವ ಚಳಿಗಾಲದಲ್ಲೂ ಅಷ್ಟು ಮಾರಿಲ್ಲ.